ಪ್ರಶ್ನೆಪತ್ರಿಕೆ ನಿಮ್ಮ ಫೈಲಿನಲ್ಲೇ ಇದೆ

ಎಲ್ಲರಿಗೂ ನಮಸ್ಕಾರ. ಪ್ರಿನ್ಸಿಪಾಲರೇ, ಮೇಷ್ಟ್ರುಗಳೇ, ಮೆಕ್ಯಾನಿಕಲ್ ಕೊನೇ ವರ್ಷದ ಹುಡುಗ ಹುಡುಗಿಯರೇ,

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕೇಳಿಕೊಂಡು ಬಂದವರನ್ನು ಬಹಳ ವರ್ಷ ಇಂಟರ್‌ವ್ಯೂ ಮಾಡಿದ್ದೇನೆ. ಅದಕ್ಕೂ ಮುಂಚೆ ಮೇಜಿನ ಈಚೆ ಕೂತು ಬೆವರಿದ್ದೇನೆ. ಆ ಬೆವರಿನ ಕಥೆಯನ್ನೇ ಮೊದಲು ಹೇಳುತ್ತೇನೆ.

ಡಿಪ್ಲೊಮಾ ಮುಗಿಸಿ ಹೋದ ಮೊದಲ ಇಂಟರ್‌ವ್ಯೂ. ಗೆಳೆಯನ ಬಯೋಡೇಟಾ ನೋಡಿ ನಾನೂ ‘ಸಿಎನ್‌ಸಿ ಪ್ರೋಗ್ರಾಮಿಂಗ್ ಗೊತ್ತು’ ಅಂತ ಬರೆದುಕೊಂಡಿದ್ದೆ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮೆಷಿನ್. ಎದುರಿಗಿದ್ದವರು ಒಂದೇ ಒಂದು ಕೇಳಿದರು. “ಜಿ ಝೀರೋ ಝೀರೋಗೂ ಜಿ ಝೀರೋ ಒನ್‌ಗೂ ಏನಪ್ಪಾ ವ್ಯತ್ಯಾಸ?” ನಾನು ಫ್ಯಾನ್ ನೋಡಿದೆ. ಎರಡೂ ಆ ಮೆಷಿನ್ನಿಗೆ ಕೊಡುವ ಆಜ್ಞೆಗಳು. ಮೊದಲನೆಯದಕ್ಕೆ ಟೂಲ್ ಏನನ್ನೂ ಕತ್ತರಿಸದೆ ಸರ್ರನೆ ಓಡುತ್ತದೆ. ಎರಡನೆಯದಕ್ಕೆ ನಾವು ಕೊಟ್ಟ ಫೀಡ್‌ನಲ್ಲಿ, ಅಂದರೆ ವೇಗದಲ್ಲಿ, ನೇರ ಗೆರೆಯಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಇಷ್ಟೇ! ಆ ಸಾಲು ಬರೆಯದೇ ಇದ್ದಿದ್ದರೆ ಅವರು ಕೇಳುತ್ತಲೂ ಇರಲಿಲ್ಲ.

ಮುಂದೆ ನಾನೇ ಆಚೆ ಕೂತಾಗ ಗುಟ್ಟು ಗೊತ್ತಾಯಿತು. ನಮಗೆ ಪ್ರಶ್ನೆ ತಯಾರಿಸಲು ಪುರುಸೊತ್ತು ಇರುವುದಿಲ್ಲ. ಕೈಯಲ್ಲಿರುವ ಹಾಳೆಯ ಮೇಲೆ ಕಣ್ಣಾಡಿಸುತ್ತೇವೆ, ಅಲ್ಲಿಂದಲೇ ಕೇಳುತ್ತೇವೆ. ಹಾಗಾಗಿ ಇವತ್ತು ರಾತ್ರಿ ನಿಮ್ಮ ಬಯೋಡೇಟಾ ಹಿಡಿದು ಕೂತುಕೊಳ್ಳಿ. ಪ್ರತಿ ಸಾಲಿಗೂ ಎರಡು ನಿಮಿಷ ಮಾತಾಡಲು ಬಂದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹೊಡೆದುಹಾಕಿ. ಪ್ರಾಜೆಕ್ಟ್ ನಾಲ್ಕು ಜನ ಸೇರಿ ಮಾಡಿರುತ್ತೀರಿ, ಅಲ್ವಾ? “ವೆಲ್ಡಿಂಗ್ ನಾನು ಮಾಡಿದೆ ಸರ್, ಡ್ರಾಯಿಂಗ್ ಅವನು” ಅಂದವನನ್ನು ನಾನು ನಂಬಿದ್ದೇನೆ. ಎಲ್ಲಾ ನಾನೇ ಅಂದವನನ್ನು ಮಾತ್ರ ಇನ್ನೂ ಕೆದಕಿದ್ದೇನೆ.

ಕೆಲವು ಕಡೆ ಬಾಯಿ ಮಾತೇ ಇರುವುದಿಲ್ಲ. ಒಂದು ಪೀಸ್, ದವಡೆಗಳ ನಡುವೆ ಹಿಡಿದು ಅಳೆಯುವ ಒಂದು ವರ್ನಿಯರ್ ಕೈಗೆ ಕೊಟ್ಟು “ಅಳತೆ ತೆಗಿ” ಅನ್ನುತ್ತಾರೆ. ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, 0.02 ಮಿ.ಮೀ. ಅಂತ ಎಲ್ಲರೂ ಒಪ್ಪಿಸುತ್ತಾರೆ. ನಾನು ನೋಡುತ್ತಿದ್ದದ್ದು ಬೇರೆ. ಅಳೆಯುವ ಮುಂಚೆ ದವಡೆ ಒರೆಸಿ, ಮುಚ್ಚಿ, ಝೀರೋ ಸರಿಯಾಗಿ ಕೂರುತ್ತದಾ ಅಂತ ನೋಡುತ್ತಾನಾ? ಹಾಗೆ ನೋಡಿದವರು ಕಡಿಮೆ. ವರ್ಕ್‌ಶಾಪಿಗೆ ಹೋಗಿ ನಾಲ್ಕು ದಿನ ಮಾಡಿ, ಕೈಗೇ ಅಭ್ಯಾಸವಾಗುತ್ತದೆ.

ಇಂಗ್ಲಿಷ್ ಬರಲ್ಲ ಅಂತ ಹೆದರಿಕೆ ಜಾಸ್ತಿ ಇದೆ, ಗೊತ್ತು. ಶಾಪ್‌ಫ್ಲೋರ್‌ನಲ್ಲಿ ಕನ್ನಡ, ತಮಿಳು, ಹಿಂದಿ ಎಲ್ಲಾ ಕಲಸಿಯೇ ಮಾತಾಡುವುದು. ನಿಮ್ಮ ಬಗ್ಗೆ ಐದಾರು ವಾಕ್ಯ ಇಂಗ್ಲಿಷಿನಲ್ಲಿ ನೀವೇ ಕಟ್ಟಿಕೊಳ್ಳಿ. ಯೂಟ್ಯೂಬ್ ನೋಡಿ ಉರು ಹೊಡೆದದ್ದು ಮೊದಲ ವಾಕ್ಯಕ್ಕೇ ಗೊತ್ತಾಗುತ್ತದೆ. ಆಮೇಲೆ ತಡವರಿಸಿದರೆ “ಕನ್ನಡದಲ್ಲಿ ಹೇಳಲಾ ಸರ್?” ಅಂತ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ.

ಸಂಬಳದ ಮಾತು ಬಂದಾಗ ನಾಚಿಕೊಳ್ಳಬೇಡಿ. ಅವರು ಹೇಳುವುದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ಆಗುವ ಒಟ್ಟು ಖರ್ಚು. ಕೈಗೆ ಬರುವುದು ಬೇರೆ. ಬೇಸಿಕ್ 15,000 ಇದ್ದರೆ ಪಿಎಫ್‌ಗೆ 12 ಪರ್ಸೆಂಟ್, ಅಂದರೆ 1,800 ಹೋಗುತ್ತದೆ. ಕಂಪನಿ ಹಾಕುವ ಪಾಲನ್ನೂ ಎಷ್ಟೋ ಕಡೆ ಸಿಟಿಸಿಯೊಳಗೇ ಸೇರಿಸಿರುತ್ತಾರೆ. ನೌಕರರ ವಿಮೆ ಇಎಸ್‌ಐ ಇದ್ದರೆ ಇನ್ನೊಂದು 0.75 ಪರ್ಸೆಂಟ್. “ಕೈಗೆ ಎಷ್ಟು ಬರುತ್ತೆ ಸರ್, ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಅನ್ನೋ ಬಾಂಡ್ ಇದೆಯಾ, ಶಿಫ್ಟ್ ಹೇಗೆ?” ಅಂತ ಕೇಳುವುದು ತಪ್ಪಲ್ಲ. ಕೆಲಸ ಕೊಡಿಸುತ್ತೇನೆ, ದುಡ್ಡು ಕಟ್ಟು ಅಂದವನ ಹತ್ತಿರ ಮಾತ್ರ ಸುಮ್ನೆ ಎದ್ದು ಬನ್ನಿ.

ಬಟ್ಟೆ ಇಸ್ತ್ರಿ ಮಾಡಿದ್ದರೆ ಸಾಕು, ಹೊಸದು ಬೇಡ. ಮಾರ್ಕ್ಸ್ ಕಾರ್ಡ್ ಒರಿಜಿನಲ್, ಎರಡು ಸೆಟ್ ಜೆರಾಕ್ಸ್, ಫೋಟೋ ಇರಲಿ. ತುಮಕೂರು ಕಡೆಯಿಂದ ಬರುವವರು ನಾಗಸಂದ್ರದಲ್ಲಿ ಬಸ್ ಇಳಿದು ಮೆಟ್ರೋ ಹತ್ತಿ. ಪೀಣ್ಯ ಇಂಡಸ್ಟ್ರಿ ಅಂತಲೇ ಒಂದು ಸ್ಟೇಷನ್ ಇದೆ. ಆದರೆ ಒಳಗಿನ ಫೇಸು, ಕ್ರಾಸುಗಳಲ್ಲಿ ವಿಳಾಸ ಹುಡುಕುವುದೇ ಅರ್ಧ ಗಂಟೆ.

ನನ್ನ ಭಾಷಣ ಸಾಕು. ಬಯೋಡೇಟಾ ತಂದಿದ್ದೀರಲ್ಲಾ, ಹೊರಗೆ ತೆಗೆಯಿರಿ. ಮೊದಲ ಬೆಂಚಿನ ತುದಿಯಲ್ಲಿ ಕೂತಿದ್ದೀಯಲ್ಲಪ್ಪಾ, ಬಾ. ಇಲ್ಲಿ ‘ಆಟೋಕ್ಯಾಡ್’ ಅಂತ ಬರೆದಿದ್ದೀಯ. ಏನೇನು ಬಿಡಿಸಿದ್ದೀಯ, ಹೇಳು ನೋಡೋಣ.