ಕೀಪ್ ಇನ್ವೆಂಟರಿ ಆನ್ ಮಾಡಬೇಕಂತೆ!

ಎಲ್ಲರಿಗೂ ನಮಸ್ಕಾರ. ಇವತ್ತು ಗೇಮ್‌ಪ್ಲೇ ಇಲ್ಲ, ಬರೀ ಜಗಳ. ಟೀ ಕಾಫಿ ಏನಾದರೂ ಹಿಡಿದುಕೊಂಡು ಕೂತುಕೊಳ್ಳಿ.

ಹೋದ ವಾರದ ಮೈನ್‌ಕ್ರಾಫ್ಟ್ ಗೇಮಿನ ವಿಡಿಯೋದಲ್ಲಿ ನಾನು ಲಾವಾಗೆ ಬಿದ್ದು ಸತ್ತೆ. ಕೈಯಲ್ಲಿ 11 ಡೈಮಂಡ್ ಇತ್ತು. ಕಿರುಚಿದ್ದು ನಿಜ. ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಿದ್ದೂ ನಿಜ. ಅದರ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಅಣ್ಣಾ, ಕೀಪ್ ಇನ್ವೆಂಟರಿ ಆನ್ ಮಾಡ್ಕೊಂಡು ಆಡಿ, ಸುಮ್ನೆ ಅಳಬೇಡಿ." ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಜಾಸ್ತಿ ಲೈಕ್ ಬಂದಿದೆ. ಲೈಕ್ ಒತ್ತಿದ ಒಬ್ಬೊಬ್ಬರನ್ನೂ ನೋಡಿಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೈನ್‌ಕ್ರಾಫ್ಟಿನಲ್ಲಿ ಸತ್ತರೆ ನಿಮ್ಮ ಹತ್ತಿರ ಇದ್ದ ಸಾಮಾನೆಲ್ಲ ಸತ್ತ ಜಾಗದಲ್ಲೇ ಚೆಲ್ಲಿಹೋಗುತ್ತದೆ. 5 ನಿಮಿಷದಲ್ಲಿ ಹೋಗಿ ಎತ್ತಿಕೊಳ್ಳದಿದ್ದರೆ ಮಾಯ. ಕೀಪ್ ಇನ್ವೆಂಟರಿ ಅನ್ನೋ ಸೆಟ್ಟಿಂಗ್ ಆನ್ ಮಾಡಿದರೆ ಏನೂ ಬೀಳುವುದಿಲ್ಲ. ಸಾಯುತ್ತೀರಿ, ಮನೆ ಹಾಸಿಗೆಯ ಹತ್ತಿರ ಏಳುತ್ತೀರಿ, ಜೇಬು ತುಂಬಿಕೊಂಡೇ ಇರುತ್ತದೆ.

ನಾನು ಹೇಳುವುದು ಒಂದೇ ಮಾತು. ಕಳೆದುಕೊಳ್ಳುವ ಭಯ ಇಲ್ಲದಿದ್ದರೆ ಅದು ಸರ್ವೈವಲ್ ಗೇಮೇ ಅಲ್ಲ.

ಆ ದಿನ ಏನಾಯಿತು ಅಂದರೆ, ನಾನು ನೆಲದಡಿ ತುಂಬಾ ಆಳದಲ್ಲಿ, ಮೈನಸ್ 59ನೇ ಮಟ್ಟದಲ್ಲಿ ಅಗೆಯುತ್ತಿದ್ದೆ. ಡೈಮಂಡ್ ಜಾಸ್ತಿ ಸಿಗುವುದು ಅಲ್ಲೇ, ಲಾವಾ ಕೆರೆ ಜಾಸ್ತಿ ಇರುವುದೂ ಅಲ್ಲೇ. ಎರಡು ಬ್ರೆಡ್ ಉಳಿದಿತ್ತು, ಟಾರ್ಚ್ ನಾಲ್ಕೋ ಐದೋ. ವಾಪಸ್ ಹೋಗೋಣ ಅಂದುಕೊಂಡೆ. ಇನ್ನೊಂದೇ ಒಂದು ಕಲ್ಲು, ಅಂತ ಒಡೆದೆ. ಆ ಕಲ್ಲಿನ ಹಿಂದುಗಡೆ ಕಿತ್ತಳೆ ಬೆಳಕು. ಹೆಡ್‌ಫೋನಿನಲ್ಲಿ ಗುಳುಕ್ ಅಂತ ಸದ್ದು. ಕೈ ಬೆವರಿ ಮೌಸ್ ಜಾರಿತು. ಓಡಬೇಕಾದವನು ಮುಂದಕ್ಕೇ ಹೋದೆ! ಸಾಮಾನೆಲ್ಲ ಕಣ್ಣೆದುರೇ ಸುಟ್ಟುಹೋಯಿತು. ನೆದರೈಟ್ ಅನ್ನೋ ಗಟ್ಟಿ ಲೋಹದ ಸಾಮಾನು ಮಾತ್ರ ಲಾವಾದಲ್ಲಿ ಸುಡದೆ ತೇಲುತ್ತದೆ. ನನ್ನ ಹತ್ತಿರ ಅದಿದ್ದಿದ್ದರೆ ಈ ವಿಡಿಯೋನೇ ಇರುತ್ತಿರಲಿಲ್ಲ.

ಈಗ ಅದೇ ಜಾಗದಲ್ಲಿ ಕೀಪ್ ಇನ್ವೆಂಟರಿ ಆನ್ ಇದ್ದಿದ್ದರೆ? ಲಾವಾ ಅಂದರೆ ಬಿಸಿನೀರಿನ ಹಂಡೆ, ಅಷ್ಟೇ. ಮತ್ತೆ ನೀರಿನ ಬಕೆಟ್ ಯಾಕೆ ಹೊತ್ತುಕೊಂಡು ಹೋಗಬೇಕು? ಶೀಲ್ಡ್ ಯಾಕೆ ಮಾಡಬೇಕು? 8 ಅಬ್ಸಿಡಿಯನ್ ಕಲ್ಲು ಹಾಕಿ, ಸತ್ತರೂ ಒಳಗಿನ ಸಾಮಾನು ಉಳಿಯುವ ಎಂಡರ್ ಚೆಸ್ಟ್ ಪೆಟ್ಟಿಗೆ ಯಾಕೆ ಮಾಡಬೇಕು? ಆ ಗೇಮಿನಲ್ಲಿ ಮಾಡುವ ವಸ್ತುಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದೇ ಭಯದಿಂದ ಕಣ್ರೀ. ಭಯ ತೆಗೆದರೆ ಕ್ರಾಫ್ಟಿಂಗೂ ಹೋಯಿತು. ಮೆಣಸಿನಕಾಯಿ ಬಜ್ಜಿಯಿಂದ ಮೆಣಸಿನಕಾಯಿ ಕಿತ್ತು ಹಾಕಿ ಬರೀ ಕಡಲೆಹಿಟ್ಟು ತಿಂದ ಹಾಗೆ.

ಇನ್ನೂ ಮಜಾ ನೋಡಿ. ಕೀಪ್ ಇನ್ವೆಂಟರಿ ಮಂದಿ ಮನೆಗೆ ನಡೆಯೋಕೆ ಬೇಜಾರು ಅಂತ ಬೇಕಂತಲೇ ಬೆಟ್ಟದ ಮೇಲಿಂದ ಹಾರುತ್ತಾರೆ. ಸತ್ತರೆ ಸೀದಾ ಮನೆ! ಅವರಿಗೆ ಸಾವು ಅಂದರೆ ಮೀಟರ್ ಇಲ್ಲದ ಆಟೋ.

ನಮ್ಮ ಅಜ್ಜಿ ಜೊತೆ ಚೌಕಾಬಾರ ಆಡುತ್ತಿದ್ದೆ. ಕವಡೆ ಹಾಕಿ ಹಾಕಿ ಕಾಯಿ ನಡುಮನೆ ಹತ್ತಿರ ಬಂದಿರುತ್ತಿತ್ತು, ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಅಜ್ಜಿ ಕಡಿದು ಹಾಕುತ್ತಿದ್ದಳು. ಮತ್ತೆ ಮೊದಲಿಂದ ಶುರು. ಬೊಚ್ಚು ಬಾಯಲ್ಲಿ ನಗುತ್ತಿದ್ದಳು ಬೇರೆ! "ಅಜ್ಜಿ, ಕೀಪ್ ಕಾಯಿ ಆನ್ ಮಾಡು" ಅಂದಿದ್ದರೆ ಕವಡೆ ಎತ್ತಿ ಮುಖಕ್ಕೇ ಎಸೆಯುತ್ತಿದ್ದಳು. ಕಡಿಯೋ ಹಾಗಿಲ್ಲ ಅಂದರೆ ಅದು ಚೌಕಾಬಾರ ಅಲ್ಲ. ಕಳೆಯೋ ಹಾಗಿಲ್ಲ ಅಂದರೆ ಅದು ಸರ್ವೈವಲ್ ಅಲ್ಲ. ಮುಗೀತು.

ಅಂದಹಾಗೆ ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ. ಅದು ಫ್ರೀ, ಲಾವಾಗೂ ಬೀಳಬೇಕಿಲ್ಲ.

ಗೊತ್ತು, ಈಗ ಬರುತ್ತೀರಿ. "ಬ್ರೋ, ನಾನು ಕೆಲಸಕ್ಕೆ ಹೋಗ್ತೀನಿ, ದಿನಕ್ಕೆ ಒಂದೇ ಗಂಟೆ ಆಡೋದು." ಸರಿ ಸ್ವಾಮಿ, ಆ ಒಂದು ಗಂಟೆ ಎದೆ ಡಬಡಬ ಅನ್ನಲಿ! ಆಫೀಸಿನಲ್ಲಿ ಎಂಟು ಗಂಟೆ ಏನೂ ಆಗದೆ ಕೂತಿರುತ್ತೀರಲ್ಲ, ಸಾಲದಾ? "ಗೇಮಲ್ಲೇ ಆಪ್ಷನ್ ಇದೆಯಲ್ಲ?" ಇದೆ. ವಾಲ್ಹೈಮ್ ಅನ್ನೋ ಇನ್ನೊಂದು ಸರ್ವೈವಲ್ ಗೇಮಿನಲ್ಲೂ 2023ರಲ್ಲಿ ಸಾವಿನ ದಂಡ ಕಮ್ಮಿ ಮಾಡಿಕೊಳ್ಳುವ ಆಪ್ಷನ್ ಕೊಟ್ಟರು. ಕೇಳಿದರೆ ಹೋಟೆಲಿನವರು ಉಪ್ಪಿಲ್ಲದ ಸಾಂಬಾರೂ ಕೊಡುತ್ತಾರೆ, ತಿನ್ನುತ್ತೀರಾ? ಅದೇ ವಾಲ್ಹೈಮ್‌ನಲ್ಲಿ ನೀವೇ ಕಡಿದ ಮರ ನಿಮ್ಮ ಮೇಲೇ ಬಿದ್ದು ಸಾಯುತ್ತೀರಿ. ಸತ್ತರೆ ಕಲಿತ ಸ್ಕಿಲ್ಲೂ ಇಳಿಯುತ್ತದೆ. ಡೋಂಟ್ ಸ್ಟಾರ್ವ್ ಅನ್ನೋ ಗೇಮ್ ಅಂತೂ ಬಿಡಿ, ಕತ್ತಲಲ್ಲಿ ಬೆಂಕಿ ಇಲ್ಲದೆ ನಿಂತರೆ ಏನೋ ಬಂದು ಕೊಂದುಹಾಕುತ್ತದೆ. ಮತ್ತೆ ಏಳೋಕೆ ಮೊದಲೇ ಏನಾದರೂ ವ್ಯವಸ್ಥೆ ಮಾಡಿಕೊಂಡಿಲ್ಲ ಅಂದರೆ ಆ ಜಗತ್ತೇ ಹೋಯಿತು. ಅದರ ಮುಂದೆ ಮೈನ್‌ಕ್ರಾಫ್ಟ್ ಅಮ್ಮನ ಮಡಿಲು. ಆ 5 ನಿಮಿಷದ ಗಡಿಯಾರ ಕೂಡ ನೀವು ದೂರ ಇದ್ದಾಗ ನಿಂತಿರುತ್ತದೆ, ಹತ್ತಿರ ಬಂದ ಮೇಲೇ ಓಡುವುದು. ಇಷ್ಟು ಕರುಣೆ ತೋರಿಸಿದ್ದಾರೆ, ಇನ್ನೂ ಏನು ಬೇಕು ನಿಮಗೆ? ತೊಟ್ಟಿಲಾ?

"ಮಕ್ಕಳು ಆಡೋದಲ್ವಾ ಅಣ್ಣ" ಅಂತ ಇನ್ನೊಬ್ಬರು. ಮಕ್ಕಳ ವಿಷಯ ಬೇರೆ. ನಮ್ಮ ಅಕ್ಕನ ಮಗನ ವರ್ಲ್ಡಿನಲ್ಲಿ ನಾನೇ ಆನ್ ಮಾಡಿಕೊಟ್ಟಿದ್ದೇನೆ. ಅವನಿಗೆ ಏಳು ವರ್ಷ. ಅಳುತ್ತಾನೆ. ಹೌದು, ನಾನೂ ಅತ್ತೆ, ಆದರೆ ನನ್ನದು ಕಂಟೆಂಟು.

ಅವನು ಮಲಗಿದ ಮೇಲೆ ಆ ವರ್ಲ್ಡಿನಲ್ಲಿ ನಾನೂ ಸ್ವಲ್ಪ ಆಡಿದೆ. ಸ್ವಲ್ಪ ಅಂದರೆ... ಬೆಳಗಿನ ಜಾವ ಎರಡೂವರೆವರೆಗೆ. ರಿಸರ್ಚ್ ಅದು! ಮೂರು ಸಲ ಬೆಟ್ಟದ ಮೇಲಿಂದ ಹಾರಿದೆ. ಮನೆ ದೂರ ಇತ್ತು ರೀ. ಇದನ್ನು ಎಡಿಟ್‌ನಲ್ಲಿ ತೆಗೆಯಬೇಕು, ನೆನಪಿಸಿ.

ಯಾರೋ ಗೇಮಿನ ಭಾಷೆಯನ್ನು ಕನ್ನಡಕ್ಕೆ ಹಾಕಿಕೊಂಡು ಆಡಿ ಅಂತ ಕೇಳಿದ್ದರು. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನಲ್ಲಿ ಕನ್ನಡ ಇದೆ, ಆಡೋಣ. ಶನಿವಾರ ರಾತ್ರಿ ಒಂಬತ್ತಕ್ಕೆ ಲೈವ್. ಕೀಪ್ ಇನ್ವೆಂಟರಿ ಆಫ್. ಆ ಕಾಮೆಂಟ್ ಹಾಕಿದವನೂ ಬಾ ಗುರು, ಬೈಯಲ್ಲ, ಬಕೆಟ್ ತಗೊಂಡು ಬಾ.

ಅಮ್ಮಾ, ಶನಿವಾರ ಕಿರುಚಿದರೆ ಬರಬೇಡ. ಲಾವಾ ಅಷ್ಟೇ.