ಡಾಟ್ ಸ್ಟಾರ್ ಅನ್ನೋ ಹೊಟ್ಟೆಬಾಕ

ಕಳೆದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಗುರು, ರೆಜೆಕ್ಸ್‌ನಲ್ಲಿ ಡಾಟ್ ಸ್ಟಾರ್ ಹಾಕಿದ್ರೆ ಎಲ್ಲಾ ಮ್ಯಾಚ್ ಆಗುತ್ತೆ, ನೀವ್ಯಾಕೆ ಸುಮ್ನೆ ತಲೆ ತಿಂತೀರಾ?" ಹೊಸಬರಿಗೆ ಹೇಳಿಬಿಡುತ್ತೇನೆ: ರೆಜೆಕ್ಸ್ ಅಂದರೆ ಪಠ್ಯದಲ್ಲಿ ಏನು ಹುಡುಕಬೇಕು ಅಂತ ಚಿಹ್ನೆಗಳಲ್ಲಿ ಬರೆಯುವ ಮಾದರಿ; ಅದರಲ್ಲಿ ಡಾಟ್ ಅಂದರೆ ಯಾವುದಾದರೂ ಒಂದು ಅಕ್ಷರ, ಸ್ಟಾರ್ ಅಂದರೆ ಅದು ಎಷ್ಟು ಸಲ ಬೇಕಾದರೂ. ಹೌದು ಸ್ವಾಮಿ, ಎಲ್ಲಾ ಮ್ಯಾಚ್ ಆಗುತ್ತದೆ. ಅದೇ ಅಲ್ವಾ ರೋಗ!

ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಒಂದು ಲಿಂಕ್ ಟ್ಯಾಗ್ ತಗೊಳ್ಳಿ. ಅದರಲ್ಲಿ ಲಿಂಕ್ ಎಲ್ಲಿಗೆ ಅಂತ ಹೇಳುವ ಎಚ್‌ರೆಫ್ ಇದೆ, ಅದರ ಬೆಲೆ ಕೋಟ್ ಒಳಗೆ 'ಹೋಮ್'. ಪಕ್ಕದಲ್ಲೇ ಕ್ಲಾಸ್, ಅದರ ಬೆಲೆ ಕೋಟ್ ಒಳಗೆ 'ರೆಡ್'. ನಿಮಗೆ ಬೇಕಿರುವುದು ಹೋಮ್ ಮಾತ್ರ. ನೀವು ಬರೆದಿದ್ದು ಕೋಟ್, ಡಾಟ್ ಸ್ಟಾರ್, ಕೋಟ್. ಡಾಟ್ ಸ್ಟಾರ್ ಮೊದಲು ಸಾಲಿನ ಕೊನೆವರೆಗೂ ಗಬಗಬ ನುಂಗುತ್ತದೆ, ಆಮೇಲೆ "ಅಯ್ಯೋ, ಕೋಟ್‌ಗೆ ಏನೂ ಉಳಿಸಲಿಲ್ಲವಲ್ಲ" ಅಂತ ಒಂದೊಂದೇ ಅಕ್ಷರ ಕಕ್ಕುತ್ತಾ ಹಿಂದೆ ಬರುತ್ತದೆ. ಹಿಂದಿನಿಂದ ಬಂದರೆ ಮೊದಲು ಸಿಗುವುದು ಯಾವ ಕೋಟ್? ಕೊನೆಯದು! ಹೋಮ್ ಕೇಳಿದವರ ಕೈಗೆ ಹೋಮ್, ಕ್ಲಾಸ್, ರೆಡ್ ಎಲ್ಲಾ ಒಟ್ಟಿಗೆ.

ಬೇಕಾದ್ದನ್ನು ಬಾಯಿಬಿಟ್ಟು ಹೇಳಿ. ಚೌಕ ಬ್ರಾಕೆಟ್ ಒಳಗೆ ಕ್ಯಾರೆಟ್ ಅನ್ನೋ ಟೋಪಿ ಚಿಹ್ನೆ (^), ಕೋಟ್. ಹೊರಗೆ ಸ್ಟಾರ್. ಅಂದರೆ, ಕೋಟ್ ಬಿಟ್ಟು ಏನಿದ್ದರೂ ತಗೋ. ಮುಗೀತು. ಮೂರು ಕೀ ಜಾಸ್ತಿ ಒತ್ತಿದರೆ ಬೆರಳು ಸವೆದು ಹೋಗಲ್ಲ.

ಈಗ ಪ್ರಶ್ನಾರ್ಥಕ ಚಿಹ್ನೆಯ ಸಂಘದವರು ಎದ್ದು ನಿಲ್ಲುತ್ತಾರೆ. "ಸ್ಟಾರ್ ಆದ ಮೇಲೆ ಒಂದು ಪ್ರಶ್ನೆ ಚಿಹ್ನೆ ಹಾಕಿ ಸರ್, ಲೇಜಿ ಆಗುತ್ತೆ, ಆದಷ್ಟು ಕಡಿಮೆ ತಿನ್ನುತ್ತೆ." ಆಗಲಿ. ಕೋಟ್ ಆದ ತಕ್ಷಣ ಟ್ಯಾಗ್ ಮುಚ್ಚುವ ಚಿಹ್ನೆಯೂ ಬರಬೇಕು ಅಂತ ಸೇರಿಸಿ ನೋಡಿ. ಹೋಮ್ ಆದ ಮೇಲೆ ಅದು ಸಿಗಲ್ಲ, ಹಾಗಾಗಿ ನಿಮ್ಮ ಸೋಮಾರಿ ಒಂದೊಂದೇ ಹೆಜ್ಜೆ ಇಟ್ಟು ರೆಡ್‌ವರೆಗೂ ನಡೆದೇ ಹೋಗುತ್ತಾನೆ. ಹೊಟ್ಟೆಬಾಕ ಓಡಿ ಹೋಗಿ ತಿಂದಿದ್ದನ್ನೇ ಇವನು ನಿಧಾನಕ್ಕೆ ತಿಂದ, ಅಷ್ಟೇ!

ಅಂದಹಾಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. ಬೈಸಿಕೊಳ್ಳುವುದಕ್ಕೂ ಒಂದು ಲೆಕ್ಕ ಇರಲಿ.

"ನನ್ನದು ಚಿಕ್ಕ ಸೈಟ್, ಏನಾಗುತ್ತೆ?" ಅನ್ನೋರಿಗೆ ದೊಡ್ಡವರ ಕಥೆ ಹೇಳುತ್ತೇನೆ. 2019ರ ಜುಲೈ 2. ಬೇರೆಯವರ ಸೈಟ್‌ಗಳ ಮುಂದೆ ನಿಂತು ಕಾವಲು ಕಾಯುವ ಕಂಪನಿ ಕ್ಲೌಡ್‌ಫ್ಲೇರ್‌ನವರು ಫೈರ್‌ವಾಲ್‌ಗೆ ಒಂದು ಹೊಸ ನಿಯಮ ಹಾಕಿದರು. ಅದರ ರೆಜೆಕ್ಸ್‌ನ ಬಾಲದಲ್ಲಿ ಏನಿತ್ತು? ಡಾಟ್ ಸ್ಟಾರ್, ಮತ್ತೆ ಡಾಟ್ ಸ್ಟಾರ್, ಈಕ್ವಲ್, ಇನ್ನೊಂದು ಡಾಟ್ ಸ್ಟಾರ್. ಮೂರು ಹೊಟ್ಟೆಬಾಕರು ಒಂದೇ ಎಲೆಗೆ ಕೂತರು. ಯಾರಿಗೆ ಎಷ್ಟು ಅಂತ ಹಂಚಿ, ಸರಿಹೋಗಲಿಲ್ಲ ಅಂತ ವಾಪಸ್ ತಗೊಂಡು, ಮತ್ತೆ ಹಂಚಿ... ಸಿಪಿಯು 100 ಪರ್ಸೆಂಟ್. 27 ನಿಮಿಷ ಅವರ ಹಿಂದಿದ್ದ ಸೈಟ್‌ಗಳಲ್ಲಿ ಪುಟದ ಬದಲು 502 ಎರರ್. ಇನ್ನೂ "ಕೆಲಸ ಮಾಡ್ತಿದೆ" ಅಂತೀರಾ?

2016ರಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟ್ಯಾಕ್ ಓವರ್‌ಫ್ಲೋ ಕೂಡ 34 ನಿಮಿಷ ಬಿದ್ದಿತ್ತು. ಸಾಲಿನ ಕೊನೆಯ ಖಾಲಿ ಜಾಗ ತೆಗೆಯುವ ರೆಜೆಕ್ಸ್, ಅದಕ್ಕೆ ಒಂದು ಪೋಸ್ಟ್‌ನಲ್ಲಿ ಸಿಕ್ಕಿದ್ದು ಸುಮಾರು 20,000 ಸ್ಪೇಸ್. ಅದರಲ್ಲಿ ಡಾಟ್ ಸ್ಟಾರ್ ಇರಲಿಲ್ಲ ಅಂತೀರಿ, ಗೊತ್ತು. ಅದರ ದಾಯಾದಿ ಇತ್ತು, 'ಸ್ಪೇಸ್ ಎಷ್ಟಿದ್ದರೂ ನುಂಗು' ಅನ್ನೋದು. ಸುಮ್ನಿರಿ.

ಗೋ, ರಸ್ಟ್ ಭಾಷೆಗಳಲ್ಲಿ ಕೋಡ್ ಬರೆಯುವವರು ನಗಬೇಡಿ. ನಿಮ್ಮ ರೆಜೆಕ್ಸ್ ಎಂಜಿನ್ ಹೀಗೆ ಹಿಂದೆ ಮುಂದೆ ಓಡಾಡಲ್ಲ, ಸರ್ವರ್ ಕುಸಿಯಲ್ಲ, ಒಪ್ಪಿದೆ. ಆದರೆ ಡಾಟ್ ಸ್ಟಾರ್ ಹಾಕಿದರೆ ಅಲ್ಲೂ ಅದೇ ತಪ್ಪು ಉತ್ತರ. ಬೇಗ ಬರುತ್ತದೆ, ಸಂತೋಷ.

"ಎಚ್‌ಟಿಎಂಎಲ್‌ಗೆ ರೆಜೆಕ್ಸ್ ಯಾಕೆ, ಟ್ಯಾಗ್‌ಗಳನ್ನು ಬಿಡಿಸಿ ಓದುವ ಪಾರ್ಸರ್ ಬಳಸಿ" ಅನ್ನೋರು? ಸರಿ, ಅದು ಬೇರೆ ವಿಡಿಯೋ, ಬೆಲ್ ಒತ್ತಿಟ್ಟುಕೊಳ್ಳಿ. ಇವತ್ತು ಡಾಟ್ ಸ್ಟಾರ್. ಬರೀಬೇಡಿ. ಯಾಕೆ ಅಂದರೆ... ಹೇಳಿದೆನಲ್ಲ. ಬರೀಬೇಡಿ ಅಷ್ಟೇ.

ಈ ವಿಡಿಯೋಗೆ ಮುಂಚೆ ನನ್ನ ಹಳೇ ಕೋಡ್‌ನಲ್ಲಿ ಎಷ್ಟು ಡಾಟ್ ಸ್ಟಾರ್ ಇವೆ ಅಂತ ಎಡಿಟರ್‌ನಲ್ಲಿ ಹುಡುಕಿದೆ. ಫೈಲ್‌ನ ಒಂದೊಂದು ಸಾಲೂ ಹಳದಿಯಾಯಿತು. ಎದೆ ಧಸಕ್ ಅಂತು. ಆಮೇಲೆ ನೋಡಿದರೆ ರೆಜೆಕ್ಸ್ ಮೋಡ್ ಆನ್ ಇತ್ತು, 'ಇದನ್ನು ಬರೀ ಚಿಹ್ನೆಯಾಗಿಯೇ ಹುಡುಕು' ಅನ್ನೋ ಬ್ಯಾಕ್‌ಸ್ಲ್ಯಾಶ್ ಹಾಕಿರಲಿಲ್ಲ. ಹಾಕಿ ಮತ್ತೆ ಹುಡುಕಿದೆ. ಹನ್ನೊಂದು. ಅದರ ಬಗ್ಗೆ ಕಾಮೆಂಟ್ ಬೇಡ.