ಶಿಕಾಗೋದ ಕೆಡವಿದ ಕಟ್ಟಡಗಳು: ಉಳಿಸಲು ಹೊರಟ ಒಬ್ಬ ಫೋಟೋಗ್ರಾಫರ್

[ದೃಶ್ಯ: ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್ ಹೊರಗಡೆ, ಮನ್ರೋ ಮತ್ತು ಕೊಲಂಬಸ್ ರಸ್ತೆ ಸೇರುವ ಮೂಲೆ. ಒಂದು ದೊಡ್ಡ ಕಮಾನು.]

ನಮಸ್ಕಾರ. ಈ ಕಮಾನು ನೋಡಿ. ಇದರ ಹಿಂದೆ ಕಟ್ಟಡವೇ ಇಲ್ಲ. ಇದು ಶಿಕಾಗೋ ಸ್ಟಾಕ್ ಎಕ್ಸ್‌ಚೇಂಜ್‌ನ ಹೆಬ್ಬಾಗಿಲು. ಲಾಸಾಲ್ ರಸ್ತೆಯಲ್ಲಿ 1894ರಿಂದ ನಿಂತಿದ್ದ 13 ಮಹಡಿಯ ಕಟ್ಟಡ ಅದು. 1972ರಲ್ಲಿ ಕೆಡವಿ ಹಾಕಿದರು.

ಶಿಕಾಗೋದ ಡೌನ್‌ಟೌನ್‌ಗೆ ಜನ ಲೂಪ್ ಅಂತಾರೆ. ಗಗನಚುಂಬಿ ಕಟ್ಟಡ ಅನ್ನೋದು ಬೆಳೆದಿದ್ದೇ ಇಲ್ಲಿ. ಉಕ್ಕಿನ ಚೌಕಟ್ಟಿನ ಮೊದಲ ಎತ್ತರದ ಕಟ್ಟಡ ಅಂತ ಬಹಳ ಜನ ಹೇಳೋ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದಿದ್ದು 1885ರಲ್ಲಿ. ಅದನ್ನೂ 1931ರಲ್ಲಿ ಕೆಡವಿದರು.

[ದೃಶ್ಯ: ಗ್ಯಾರಿಕ್ ಥಿಯೇಟರ್‌ನ ಹಳೆಯ ಕಪ್ಪು-ಬಿಳುಪು ಫೋಟೋ]

ಇದು ಗ್ಯಾರಿಕ್ ಥಿಯೇಟರ್, 1892ರದ್ದು. ಕಟ್ಟಿದವರು ಡ್ಯಾಂಕ್‌ಮರ್ ಆಡ್ಲರ್ ಮತ್ತು ಲೂಯಿ ಸಲಿವನ್. ಸ್ಟಾಕ್ ಎಕ್ಸ್‌ಚೇಂಜ್ ಕೂಡ ಅವರದ್ದೇ. ಆಡ್ಲರ್ ಎಂಜಿನಿಯರಿಂಗ್ ನೋಡಿಕೊಂಡರೆ, ಎಲೆ-ಬಳ್ಳಿಗಳ ಅಲಂಕಾರ ಸಲಿವನ್ ಕೈಯದ್ದು. 1960ರಲ್ಲಿ ಇದನ್ನು ಕೆಡವಲು ನಗರಾಡಳಿತ ಅನುಮತಿ ಕೊಡಲಿಲ್ಲ. ಮಾಲೀಕರು ಕೋರ್ಟಿಗೆ ಹೋಗಿ ಗೆದ್ದರು. 1961ರಲ್ಲಿ ಥಿಯೇಟರ್ ಹೋಯಿತು, ಆ ಜಾಗಕ್ಕೆ ಕಾರ್ ಪಾರ್ಕಿಂಗ್ ಬಂತು. ಹೌದು, ಬರೀ ಪಾರ್ಕಿಂಗ್!

ಆಗ ಬೋರ್ಡ್ ಹಿಡಿದು ರಸ್ತೆಯಲ್ಲಿ ನಿಂತವರಲ್ಲಿ ರಿಚರ್ಡ್ ನಿಕಲ್ ಒಬ್ಬರು. ವಿದ್ಯಾರ್ಥಿಯಾಗಿದ್ದಾಗಲೇ ಸಲಿವನ್ ಕಟ್ಟಡಗಳ ಫೋಟೋ ತೆಗೆಯೋಕೆ ಶುರು ಮಾಡಿದ್ದವರು. ಪ್ರತಿಭಟನೆ ಫಲಿಸದಿದ್ದಾಗ ಅವರು ಸುಮ್ನೆ ಮನೆಗೆ ಹೋಗಲಿಲ್ಲ. ಸುತ್ತಿಗೆ, ಹಾರೆ ಹಿಡಿದು ಒಳಗೆ ಹೋದರು. ಗೋಡೆಗೆ ಬಿಗಿದಿದ್ದ ಟೆರಾಕೋಟಾ ಒಡೆಯದ ಹಾಗೆ ಬಿಡಿಸಬೇಕು. ಪ್ಲಾಸ್ಟರ್ ಅಲಂಕಾರವನ್ನು ತುಂಡು ತುಂಡಾಗಿ ಇಳಿಸಬೇಕು. ಅದೂ ಕೆಡವೋ ಕೆಲಸ ಪಕ್ಕದಲ್ಲೇ ನಡೀತಿರುವಾಗ. ಹೀಗೆ ಅವರು ಕೂಡಿಟ್ಟ ತುಂಡುಗಳಲ್ಲಿ ಬಹಳಷ್ಟು ಈಗ ಸದರ್ನ್ ಇಲಿನಾಯ್ ಯೂನಿವರ್ಸಿಟಿಯ ಎಡ್ವರ್ಡ್ಸ್‌ವಿಲ್ ಕ್ಯಾಂಪಸ್‌ನಲ್ಲಿವೆ.

ಸ್ಟಾಕ್ ಎಕ್ಸ್‌ಚೇಂಜ್ ಸರದಿ ಬರುವಷ್ಟರಲ್ಲಿ ಊರಿನಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಬಂದಿತ್ತು. ಆದರೆ ನಗರಸಭೆ ಈ ಕಟ್ಟಡಕ್ಕೆ ಆ ಮಾನ್ಯತೆ ಕೊಡಲೇ ಇಲ್ಲ. ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲೇ. ಗ್ಯಾರಿಕ್ ಕಾಲದಲ್ಲಿ ಕಾನೂನಿನ ಬಲ ಇರಲಿಲ್ಲ, ಸರಿ. ಈಗ ಇತ್ತಲ್ವಾ?

1972ರ ಏಪ್ರಿಲ್ 13. ಅರ್ಧ ಕೆಡವಿದ್ದ ಆ ಕಟ್ಟಡದೊಳಗೆ ನಿಕಲ್ ಒಬ್ಬರೇ ಹೋದರು. ಮೇಲಿನ ಭಾಗ ಕುಸಿದು ಬಿತ್ತು. ಅವರ ಶವ ಸಿಕ್ಕಿದ್ದು ಸುಮಾರು ನಾಲ್ಕು ವಾರಗಳ ನಂತರ. ವಯಸ್ಸು ಬರೀ 43.

[ದೃಶ್ಯ: ಟ್ರೇಡಿಂಗ್ ರೂಮ್ ಒಳಭಾಗ. ಬಣ್ಣದ ಸ್ಟೆನ್ಸಿಲ್ ಚಿತ್ತಾರ ನಿಧಾನವಾಗಿ ಹತ್ತಿರಕ್ಕೆ.]

ಷೇರು ವ್ಯಾಪಾರ ನಡೀತಿದ್ದ ಹಾಲ್ ಮಾತ್ರ ಹೇಗೋ ಉಳಿಯಿತು. ಬಿಡಿಸಿಟ್ಟಿದ್ದ ಭಾಗಗಳನ್ನು ಸೇರಿಸಿ, ಇಲ್ಲದ್ದನ್ನು ಹೊಸದಾಗಿ ಮಾಡಿ, ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ಮತ್ತೆ ಕಟ್ಟಿದರು. 1893ರಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದೂ ಇದೇ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ.

ಹಾಲ್ ಚೆನ್ನಾಗಿದೆ, ನಿಜ. ಆದರೆ ಅಲ್ಲಿ ಈಗ ವ್ಯಾಪಾರ ಇಲ್ಲ, ಗದ್ದಲ ಇಲ್ಲ. ಹಾಗಾಗಿ ಅದನ್ನು ನೋಡಿದ ಮೇಲೆ ಮಿಶಿಗನ್ ಅವೆನ್ಯೂದಲ್ಲೇ ದಕ್ಷಿಣಕ್ಕೆ ಸ್ವಲ್ಪ ನಡೆಯಿರಿ. ಆಡ್ಲರ್ ಮತ್ತು ಸಲಿವನ್ 1889ರಲ್ಲಿ ಮುಗಿಸಿದ ಆಡಿಟೋರಿಯಂ ಕಟ್ಟಡ ಸಿಗುತ್ತೆ. ಅದು ಒಮ್ಮೆ ಉಳಿದಿದ್ದು ಕೆಡವುವ ಖರ್ಚೇ ಜಾಸ್ತಿ ಅಂತ! ಆಮೇಲೆ ರೂಸ್‌ವೆಲ್ಟ್ ಕಾಲೇಜು ಕೊಂಡುಕೊಂಡಿತು. 1967ರಲ್ಲಿ ಥಿಯೇಟರ್ ಮತ್ತೆ ತೆರೆಯಿತು. ಅಲ್ಲಿ ಇವತ್ತಿಗೂ ಪ್ರದರ್ಶನ ನಡೆಯುತ್ತೆ, ಟಿಕೆಟ್ ತಗೊಂಡು ಒಳಗೆ ಹೋಗಿ ಕೂರಬಹುದು.